ಯಂತ್ರದ ಕುಂಟು ಕಾಲು

ಮಂಗಳವಾರ, ಮಾರ್ಚ್ ೧೨
ಅಂಗಡಿಯಿಂದ

ಪ್ರೀತಿಯ ಗುಬ್ಬಿಗೆ,

ಪ್ರೀತಿಯ ಎಂದು ಬರೆದದ್ದು ಅಭ್ಯಾಸಬಲದಿಂದ. ಕಾಗದ ಓದಿ ಮುಗಿಸುವ ಹೊತ್ತಿಗೆ ಅದು ಉಳಿದಿದೆಯೋ ಇಲ್ಲವೋ ನೀನೇ ಹೇಳಬೇಕು. ಒಂದೇ ಊರಿನಲ್ಲಿದ್ದುಕೊಂಡು ಅಕ್ಕನಿಗೇಕೆ ಕಾಗದದ ಹುಚ್ಚು ಎಂದು ಹುಬ್ಬೇರಿಸಬೇಡ. ಎದುರು ಸಿಕ್ಕರೆ ನೀನು ಮೊದಲು ನನ್ನ ಭುಜ ನೋಡುತ್ತೀಯ, ಆಮೇಲೆ ಮುಖ.

ಮೂರು ತಿಂಗಳ ಹಿಂದೆ ನಿಮ್ಮ ಆರೋಗ್ಯ ಕೇಂದ್ರಕ್ಕೆ ಬಂದಾಗ ನನ್ನ ಬಲಗೈ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಕತ್ತರಿ ಹಿಡಿಯಲಾಗದ ದರ್ಜಿ ಯಾರಿಗೆ ಬೇಕು? ಡಾಕ್ಟರು, ಭುಜನೋವಿನ ಅಧ್ಯಯನ ನಡೆಯುತ್ತಿದೆ, ಸೇರಿಕೊಳ್ಳಿ ಎಂದರು. ಅರ್ಧ ಜನಕ್ಕೆ ಫಿಸಿಯೋಥೆರಪಿ ಕೋಣೆಯಲ್ಲಿ ನಿನ್ನ ಕೈಕೆಳಗೆ ಆರು ಸಲ ವ್ಯಾಯಾಮ. ಉಳಿದವರಿಗೆ ಒಂದೇ ಭೇಟಿ, ಜೊತೆಗೆ ಮನೆಯಲ್ಲಿ ನೋಡಿಕೊಂಡು ಮಾಡಲು ಒಂದು ಪುಸ್ತಕ. ಯಾರಿಗೆ ಯಾವುದು ಎನ್ನುವುದು ಅಂಟಿಸಿದ ಲಕೋಟೆಯೊಳಗೆ. ಗುಮಾಸ್ತೆ ನನ್ನ ಲಕೋಟೆ ಒಡೆಯುವ ಮೊದಲು ನಿನ್ನ ಕಡೆ ನೋಡಿದಳು. ನೀನು ಕಿಟಕಿಯ ಕಡೆ ನೋಡಿದೆ. ನನ್ನ ಪಾಲಿಗೆ ಪುಸ್ತಕ ಬಂತು.

ಲಕೋಟೆ ಬದಲಿಸಿದವಳು ನೀನೇ ಎಂದು ಅಲ್ಲೇ ತೀರ್ಮಾನಿಸಿದೆ. ಕಾರಣವೂ ಗೊತ್ತಿತ್ತು. ಅಮ್ಮನ ಮನೆ ಖಾಲಿ ಮಾಡುವಾಗ ಹೊಲಿಗೆ ಯಂತ್ರವನ್ನು ನಿನಗೊಂದು ಮಾತೂ ಹೇಳದೆ ಹೊರಿಸಿಕೊಂಡು ಬಂದೆ. ನೀನು ಏನೂ ಅನ್ನಲಿಲ್ಲ. ಏನೂ ಅನ್ನದವರ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಆವತ್ತು ಗೇಟಿನ ತನಕ ಬಂದು, ಅಕ್ಕಾ ಪುಸ್ತಕ ಒಂದ್ಸಲ ಆದ್ರೂ ತೆಗೆದು ನೋಡೇ ಅಂತ ಎರಡೆರಡು ಸಲ ಹೇಳಿದೆಯಲ್ಲ, ಅದರಲ್ಲೂ ಏನೋ ಇದೆ ಅನ್ನಿಸಿತು. ಅಂಗಡಿಗೆ ಬಂದವಳೇ ಪುಸ್ತಕವನ್ನು ಯಂತ್ರದ ಕುಂಟು ಕಾಲಿನಡಿ ತುರುಕಿದೆ. ಅಲುಗಾಟ ನಿಂತಿತು. ನಿಮ್ಮ ಅಧ್ಯಯನದಿಂದ ಅಷ್ಟಾದರೂ ಉಪಕಾರವಾಯಿತು.

ಈಗ ನನ್ನ ಕಳ್ಳತನ ಕೇಳು. ಮೇಲಿನ ಮಹಡಿಯಲ್ಲಿ ಅಂಚೆ ಕಚೇರಿಯವಳಿದ್ದಾಳಲ್ಲ, ಎತ್ತರದ ಗೂಡುಗಳಿಗೆ ಕಾಗದ ವಿಂಗಡಿಸಿ ವಿಂಗಡಿಸಿ ಭುಜ ಕೆಡಿಸಿಕೊಂಡವಳು, ಅವಳಿಗೆ ಆರು ಸಲದ ಭಾಗ್ಯ ಸಿಕ್ಕಿತ್ತು. ನಿನ್ನ ಕೋಣೆಯಿಂದ ಬಂದಾಗಲೆಲ್ಲ ಮೆಟ್ಟಿಲ ಬಳಿ ನಿಲ್ಲಿಸಿಕೊಂಡು ಕಲಿತೆ. ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಏರಿಸುವುದು, ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ ಎಳೆಯುವುದು, ವಾರ ವಾರ ಸ್ವಲ್ಪ ಹೆಚ್ಚಿಸುವುದು. ದರ್ಜಿಯ ಹತ್ತಿರ ಇಲಾಸ್ಟಿಕ್‌ಗೆ ಬರವೇ? ಮೊದಲ ವಾರ ಹಲ್ಲು ಕಚ್ಚಿ ನಿನ್ನನ್ನು ಬೈದುಕೊಂಡೇ ಮಾಡಿದೆ. ಮೊನ್ನೆ ಮೇಲಿನ ಕಪಾಟಿನಿಂದ ದಾರದ ಡಬ್ಬ ನಾನೇ ಇಳಿಸಿದೆ. ಕಣ್ಣಲ್ಲಿ ನೀರು ಬಂತು ಗುಬ್ಬೀ, ನೋವಿಗಲ್ಲ.

ಶನಿವಾರ ಕೊಡಬೇಕಾದ ಫಾರಂನಲ್ಲಿ, ನೋವು ಹತ್ತಕ್ಕೆ ಒಂದು, ಎಲ್ಲ ಪುಸ್ತಕದ ಕೃಪೆ ಎಂದು ಬರೆದಿಟ್ಟಿದ್ದೇನೆ. ನಿನ್ನ ಕೋಣೆಯ ಹಂಗಿಲ್ಲದೆ ವಾಸಿಯಾದೆ ಎಂದು ತೋರಿಸಲು ಬೇಕೆಂದೇ ಬರೆದೆ. ಕೇಳಿದ ಅಂಚೆಯವಳ ಮುಖ ಸಪ್ಪಗಾಯಿತು. ಬರೀ ಪುಸ್ತಕದಿಂದಲೇ ವಾಸಿ ಆಗುತ್ತೆ ಅಂತಾದ್ರೆ ಆ ಕೋಣೆಗೆ ಬೀಗ ಹಾಕ್ತಾರಂತೆ, ನಿಮ್ಮ ತಂಗಿ ಕೆಲಸದ ಗತಿ ಏನು ಅಂದಳು. ನಿಜ ಹೇಳಿಬಿಡುತ್ತೇನೆ, ಒಂದು ಕ್ಷಣ ಹಾಕಲಿ ಬೀಗ ಅನ್ನಿಸಿತು. ಆಮೇಲೆ ಊಟ ಸೇರಲಿಲ್ಲ. ನನ್ನೊಬ್ಬಳ ಫಾರಂನಿಂದ ಏನಾದೀತು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಮೆಟ್ಟಿಲು ನಮ್ಮ ಕಟ್ಟಡದಲ್ಲಿ ಮಾತ್ರ ಇದೆಯೇ? ನನ್ನ ಹಾಗೆ ಕದ್ದು ಕಲಿತು ಪುಸ್ತಕದ ಹೆಸರು ಬರೆದವರು ಇನ್ನೆಷ್ಟು ಜನರೋ.

ಅದಕ್ಕೇ ಕೇಳುತ್ತಿದ್ದೇನೆ, ಬಿಚ್ಚಿ ಹೇಳು. ಲಕೋಟೆ ಬದಲಿಸಿದ್ದು ನೀನೇ ತಾನೇ? ಹೌದಾದರೆ ಫಾರಂ ಹೇಗಿದೆಯೋ ಹಾಗೇ ಕೊಡುತ್ತೇನೆ. ಅಲ್ಲ ಅಂದರೆ, ನಂಬುವುದಕ್ಕೆ ನನಗೆ ಏನಾದರೂ ಬೇಕು.

ಇಂತಿ, ನಿನ್ನನ್ನು ಸದ್ಯಕ್ಕೆ ನಂಬದಿರುವ
ಅಕ್ಕ

ತಾ.ಕ.: ಈ ಕಾಗದದ ಮೇಲೆ ಬರೆಯಬೇಕಾದ ನಿಮ್ಮ ಕೇಂದ್ರದ ವಿಳಾಸ ಪುಸ್ತಕದ ಹಿಂಬದಿಯಲ್ಲಿದ್ದ ನೆನಪು. ಯಂತ್ರದ ಆ ಮೂಲೆ ಎತ್ತಿ ಪುಸ್ತಕ ಎಳೆದೆ. ಒಳಗೆ ಅದೇ ಗೋಡೆ, ಅದೇ ಪಟ್ಟಿ, ವಾರ ವಾರಕ್ಕೆ ಅದೇ ಏರಿಕೆ. ಕದ್ದೆ ಅಂದುಕೊಂಡಿದ್ದೆಲ್ಲ ಮೂರು ತಿಂಗಳಿಂದ ನನ್ನ ಕಾಲಬುಡದಲ್ಲೇ ಇತ್ತು. ಚಿತ್ರಗಳು ನಿನ್ನವು. ಚಿಕ್ಕವಳಿದ್ದಾಗ ನನ್ನ ಸೀಮೆಸುಣ್ಣ ಕದ್ದು ಬಟ್ಟೆ ಚೂರಿನ ಮೇಲೆ ಎಳೆಯುತ್ತಿದ್ದ ಗೆರೆ ನನಗೆ ಗೊತ್ತಾಗದೇ? ಕೈ ಎತ್ತಿ ನಿಂತ ಹೆಂಗಸಿನ ಕೊರಳಲ್ಲಿ ಅಳತೆ ಟೇಪು, ಗಲ್ಲದ ಮೇಲೆ ನನ್ನ ಮಚ್ಚೆ, ಹಿಂದೆ ಅಮ್ಮನ ಯಂತ್ರ. ಅಚ್ಚಾದ ತಿಂಗಳು ನೋಡಿದೆ. ನಾನು ಯಂತ್ರ ಹೊರಿಸಿಕೊಂಡು ಬಂದ ಮರುತಿಂಗಳು. ಸಿಟ್ಟಿಟ್ಟುಕೊಂಡವಳು ಹೀಗೆ ಬಿಡಿಸುತ್ತಾಳೆಯೇ?

ಫಾರಂನಲ್ಲಿ ಬರೆದದ್ದನ್ನು ಹೊಡೆದು ಹಾಕಿ ಕೆಳಗೆ ಹೀಗೆ ಬರೆದಿದ್ದೇನೆ: ಕಲಿಸಿದವಳು ಮೇಲಿನ ಮಹಡಿಯವಳು, ಪುಸ್ತಕ ತೆರೆದದ್ದು ಇವತ್ತೇ. ಯಂತ್ರ ಮತ್ತೆ ಅಲುಗಾಡುತ್ತಿದೆ. ಭಾನುವಾರ ಬಾ, ಅದು ಯಾರ ಮನೆಯಲ್ಲಿರಬೇಕು ಎಂದು ಈಗಲಾದರೂ ನಿನ್ನನ್ನು ಕೇಳುತ್ತೇನೆ.