ಹೆಬ್ಬೆರಳಿನಲ್ಲಿ ಒತ್ತಿ ನೋಡಿದ್ದೆ

ನವೆಂಬರ್ ೧೮, ಭಾನುವಾರ
ಅಂಗಡಿಯಿಂದ, ಮಧ್ಯಾಹ್ನ

ನನ್ನ ಗುಬ್ಬಿಗೆ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಫೋನ್ ಮಾಡಿದಾಗಲೆಲ್ಲ ಬರೀತಿದ್ದೀನಿ ಕಣೆ, ಬರೀತಿದ್ದೀನಿ ಅಂತ ಹೇಳಿ ತಪ್ಪಿಸಿಕೊಂಡೆ. ಇವತ್ತು ಅಂಗಡಿಗೆ ರಜೆ. ಷಟರ್ ಅರ್ಧ ಎಳೆದು, ಕೆಲಸದ ಮೇಜಿನ ಮೇಲಿದ್ದ ಗಮ್ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ ಕೂತಿದ್ದೇನೆ. ಈ ಸಲ ಮುಗಿಸದೆ ಏಳುವುದಿಲ್ಲ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಜನವರಿಯ ಎರಡನೇ ವಾರವೇ ಸರಿ. ರಜೆಗೆ ಬಂದವರೆಲ್ಲ ಅಷ್ಟರಲ್ಲಿ ಖಾಲಿಯಾಗಿರುತ್ತಾರೆ, ಮರುಭೂಮಿಯ ಅಂಚಿನ ಆ ಊರು ತಣ್ಣಗಿರುತ್ತದೆ. ಬಸ್ಸು ನಿಲ್ಲುವ ಜಾಗದಿಂದ ಇಪ್ಪತ್ತು ನಿಮಿಷ ನಡೆದರೆ ಊರಿನ ಕೊನೆಯ ಮನೆ ಸಿಗುತ್ತದಂತೆ. ಮೂರು ಕೋಣೆ ಬಾಡಿಗೆಗೆ ಕೊಡುತ್ತಾರೆ. ಮನೆಯೊಡತಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತಿಯಾದ ಹೆಂಗಸು. ಫೋನಿನಲ್ಲಿ ನಾನು ಹತ್ತು ಪ್ರಶ್ನೆ ಕೇಳಿದರೆ ಆಕೆ ಆಡಿದ್ದು ಏಳೋ ಎಂಟೋ ಮಾತು. ಯಾರೂ ನಮ್ಮನ್ನು ಮಾತಾಡಿಸಬಾರದು ಅಂತ ಬರೆದಿದ್ದೆಯಲ್ಲ, ಆಕೆಯ ಕಡೆಯಿಂದ ಆ ಕಾಟ ಇರುವುದಿಲ್ಲ.

ಬೆಳಗ್ಗೆ ನಲ್ಲಿಯ ನೀರು ಗಡ್ಡೆ ಕಟ್ಟುತ್ತದೆ, ಹತ್ತು ಗಂಟೆಯ ಮೇಲೆ ಬಿಸಿಲು ಹಿತವಾಗಿರುತ್ತದೆ ಎಂದಳು. ನಡೆಯುವ ದಾರಿ ಬತ್ತಿದ ಹಳ್ಳದ ಪಕ್ಕದಲ್ಲಿ ಶುರುವಾಗುತ್ತದೆ. ಅಲ್ಲಲ್ಲಿ ಗುರುತಿಗೆ ಕಲ್ಲು ಪೇರಿಸಿಟ್ಟಿದ್ದಾರೆ. ದಿಬ್ಬದ ನೆತ್ತಿಗೆ ಎರಡೂವರೆ ಗಂಟೆ. ತಲಾ ಮೂರು ಲೀಟರ್ ನೀರು ಹೊರಬೇಕು, ನನ್ನ ಪಾಲಿನದನ್ನೂ ನಿನ್ನ ಬೆನ್ನಿಗೇ ಹಾಕುತ್ತೇನೆ. ಉಣ್ಣೆಯ ಟೋಪಿ ಮರೆಯಬೇಡ. ಟೋಪಿ ಹಾಕಿದರೆ ಕಿವಿ ದೊಡ್ಡದಾಗಿ ಕಾಣುತ್ತದೆ ಅಂತ ರಾಗ ಎಳೆಯಬೇಡ. ನಿನ್ನ ಕಿವಿ ಹುಟ್ಟಿದಾಗಲೇ ಹಾಗಿತ್ತು, ನಾನೇ ನೋಡಿದ್ದೇನೆ. ನಿನ್ನ ಹಲ್ಲಿನ ಡಾಕ್ಟರ ಹತ್ತಿರ ಐದು ದಿನ ರಜೆ ಕೇಳು. ನಿನ್ನ ಕೌಂಟರಿನಲ್ಲಿ ಐದು ದಿನ ಬೇರೆ ಯಾರಾದರೂ ಕೂತರೆ ಊರಿನವರ ಹಲ್ಲೇನೂ ಉದುರಿಹೋಗುವುದಿಲ್ಲ.

ಶೂ ಮಾತ್ರ ಹೊಸದನ್ನೇ ಕೊಂಡುಕೋ. ನಾನು ರಿಪೇರಿ ಮಾಡಿದ್ದು ಬೇಡ.

ಈ ಸಾಲು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಒಂಬತ್ತು ದಿನದಿಂದ ಇಲ್ಲಿಗೇ ಬಂದು ನಿಲ್ಲುತ್ತಿದ್ದೇನೆ.

ಗುಬ್ಬಿ, ನಿನ್ನ ಕಾಗದದ ಕೊನೆಯಲ್ಲಿ ನೀನು ಬರೆದದ್ದೇ ಅದಕ್ಕೆ ಕಾರಣ. ಆ ಇಳಿಜಾರಿನಲ್ಲಿ ನಿಂತು ಮೇಷ್ಟ್ರ ಹತ್ತಿರ ಕ್ಷಮೆ ಕೇಳಬೇಕು, ಅದಕ್ಕೇ ಹೋಗೋದು, ಬೇರೆ ಯಾರೂ ಬೇಡ, ನೀನೊಬ್ಬಳು ಪಕ್ಕದಲ್ಲಿರು ಅಂತ ಬರೆದಿದ್ದೀಯ. ನಿನ್ನ ಯಜಮಾನರು ಅಲ್ಲಿ ಬಿದ್ದು ತೀರಿಹೋಗಿ ಮೂರು ಚಳಿಗಾಲವಾಯಿತು. ಮೂರು ವರ್ಷದಿಂದಲೂ ನಿನ್ನದು ಒಂದೇ ಮಾತು: ಜೊತೆಗೆ ಹೋಗಬೇಕಾಗಿದ್ದವಳು ನಾನು, ನನಗೆ ರಜೆ ಸಿಗದೆ ಇದ್ದುದಕ್ಕೆ ಜಗಳ ತೆಗೆದೆ, ಹೋಗಿ, ಒಬ್ರೇ ಹೋಗಿ, ನಂಗೂ ನಾಕು ದಿನ ನೆಮ್ಮದಿ ಅಂದುಬಿಟ್ಟೆ, ಆ ಮಾತನ್ನೇ ತಲೆಯಲ್ಲಿಟ್ಟುಕೊಂಡು ನಡೆದದ್ದಕ್ಕೆ ಕಾಲು ತಪ್ಪಿತು. ನೀನು ಹೀಗೆ ಅನ್ನುವಾಗಲೆಲ್ಲ ನಾನು ನಿನ್ನ ಬೆನ್ನು ಸವರುತ್ತ, ಹಾಗಲ್ಲ ಕಣೆ, ಎಲ್ಲಾ ಹಣೆಬರಹ ಎಂದಿದ್ದೇನೆ.

ಅದು ಹಣೆಬರಹವಲ್ಲ. ನಿನ್ನ ಜಗಳವೂ ಅಲ್ಲ. ಅವರ ಕಾಲು ತಪ್ಪಲಿಲ್ಲ. ಬೂಟಿನ ಸೋಲ್ ಕಿತ್ತು ಬಂತು, ನಾನು ಹಾಕಿದ ಸೋಲ್.

ನೆನಪಿದೆಯಾ, ನಿಮ್ಮ ಮದುವೆಯ ಹತ್ತನೇ ವರ್ಷಕ್ಕೆ ಅವರಿಗೆ ಗೊತ್ತಾಗದ ಹಾಗೆ ಅಟ್ಟದಿಂದ ಆ ಹಳೆಯ ನಡಿಗೆಯ ಬೂಟನ್ನು ಕದ್ದು ತಂದೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಬೆಟ್ಟ ಹತ್ತಿದಾಗ ಅವರು ಹಾಕಿದ್ದವು. ಅಕ್ಕಾ, ಇದಕ್ಕೆ ಜೀವ ಕೊಡು, ಅವರ ಮುಖ ನೋಡ್ಬೇಕು ನಂಗೆ ಅಂದೆ. ನೀನು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ದಿನಕ್ಕೆ ಎರಡು ಸಲ ಫೋನ್ ಮಾಡಿ ಆಯ್ತಾ ಅಂತ ತಲೆ ತಿಂದೆ.

ಆ ಥರದ ಬೂಟಿನಲ್ಲಿ ಮೇಲಿನ ಚರ್ಮಕ್ಕೂ ಕೆಳಗಿನ ಸೋಲಿಗೂ ನಡುವೆ ಸ್ಪಂಜಿನಂಥ ಒಂದು ಪದರ ಇರುತ್ತದೆ. ಹಾಕಿಕೊಂಡು ಓಡಾಡುತ್ತಿದ್ದರೆ ಅದು ಬಾಳುತ್ತದೆ. ವರ್ಷಗಟ್ಟಲೆ ಡಬ್ಬಿಯಲ್ಲಿ ಸುಮ್ಮನೆ ಬಿದ್ದಿದ್ದರೆ ಒಳಗೊಳಗೇ ಸತ್ತುಹೋಗುತ್ತದೆ, ಹೊರಗೆ ಒಂದು ಗೆರೆಯೂ ಕಾಣುವುದಿಲ್ಲ. ಅಪ್ಪ ನನ್ನನ್ನು ಈ ಮೇಜಿನ ಮುಂದೆ ಕೂರಿಸಿ ಕಲಿಸಿದ ಮೊದಲ ಪಾಠಗಳಲ್ಲಿ ಅದೂ ಒಂದು. ಹಿಮ್ಮಡಿಯ ಹತ್ತಿರ ಹೆಬ್ಬೆರಳು ಒತ್ತು, ಒತ್ತಿದ ಗುಳಿ ಮೇಲೆ ಬರಲಿಲ್ಲ ಅಂದರೆ ಗಿರಾಕಿಗೆ ಕೈ ಮುಗಿದು ವಾಪಸ್ ಕೊಡು.

ನಾನು ಒತ್ತಿ ನೋಡಿದ್ದೆ. ಗುಳಿ ಹಾಗೇ ನಿಂತಿತು. ಬೆರಳಿಗೆ ಪುಡಿಯೂ ಅಂಟಿತು. ಅದನ್ನು ಏಪ್ರನ್ನಿಗೆ ಒರೆಸಿಕೊಂಡು, ಆ ಸತ್ತ ಪದರದ ಮೇಲೆಯೇ ಗಮ್ ಬಳಿದು, ಹೊಸ ಸೋಲ್ ಕೂರಿಸಿ, ಅಂಚನ್ನು ಉಜ್ಜಿ ನಯ ಮಾಡಿದೆ. ನಿನ್ನ ಖುಷಿಗೆ ಕಲ್ಲು ಹಾಕಲು ಮನಸ್ಸು ಬರಲಿಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನೂ ಬರೆದುಬಿಡುತ್ತೇನೆ. ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ನಿನ್ನ ಮುಂದೆ ಹೇಳಲು ನನಗೆ ಸೊಕ್ಕು ಅಡ್ಡ ಬಂತು.

ಅದನ್ನು ಹಾಕಿಕೊಂಡು ಅಷ್ಟು ದೂರ ಹೋಗುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂದು ಹೋದ ವಾರ ಒಂದು ಹಾಳೆಯಲ್ಲಿ ಬರೆದಿದ್ದೆ. ಹರಿದು ಹಾಕಿದೆ. ಗೊತ್ತಿತ್ತು. ಹೊರಡುವ ಹಿಂದಿನ ಸಂಜೆ ಮೇಷ್ಟ್ರು ಇಲ್ಲಿಗೆ ಬಂದಿದ್ದರು, ನಿನಗೆ ಇದು ತಿಳಿಯದು. ಬೂಟು ಹಾಕಿಕೊಂಡು ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ನಾಲ್ಕು ಸಲ ನಡೆದು ತೋರಿಸಿದರು. ಶಾಲೆಯಲ್ಲಿ ಮಕ್ಕಳಿಗೆ ಗೋಡೆ ನಕ್ಷೆಯ ಮೇಲೆ ಕೋಲು ಇಟ್ಟು ಮರುಭೂಮಿ ತೋರಿಸಿ ತೋರಿಸಿ ಸಾಕಾಗಿದೆ ಅಕ್ಕಾ, ಈ ಸಲ ಕಾಲಿಟ್ಟು ನೋಡ್ತೀನಿ ಅಂದರು. ನಿಮ್ಮ ಜಗಳದ ಬಗ್ಗೆಯೂ ಹೇಳಿದರು. ನಗುತ್ತಲೇ ಹೇಳಿದರು. ಅವಳ ಕೋಪಕ್ಕೆ ಆಯಸ್ಸು ಎರಡು ದಿನ, ನಾನು ಅಲ್ಲಿ ತಲುಪೋ ಹೊತ್ತಿಗೆ ಅವಳೇ ಫೋನ್ ಮಾಡ್ತಾಳೆ ಅಂದರು. ಅವರ ಮನಸ್ಸಿನಲ್ಲಿ ನೋವೇನೂ ಇರಲಿಲ್ಲ. ಈ ಒಂದು ಮಾತನ್ನು ಮೂರು ವರ್ಷ ನಿನ್ನಿಂದ ಮುಚ್ಚಿಟ್ಟೆ, ಯಾಕೆಂದರೆ ಹೇಳಿದ್ದರೆ ಅವರು ಅಂಗಡಿಗೆ ಯಾಕೆ ಬಂದಿದ್ದರು ಅಂತ ನೀನು ಕೇಳುತ್ತಿದ್ದೆ.

ಬೂಟು ಬಿಚ್ಚಿಡಿ, ಇದು ಕೆಲಸಕ್ಕೆ ಬಾರದು ಅನ್ನಲು ಆಗ ಎಷ್ಟು ಹೊತ್ತು ಬೇಕಿತ್ತು? ನೋಡ್ಕೊಂಡು ನಡೀರಿ ಅಂದೆ, ಅಷ್ಟೇ. ನೀವು ರಿಪೇರಿ ಮಾಡಿದ್ಮೇಲೆ ನಾನ್ಯಾಕೆ ನೋಡ್ಕೊಂಡು ನಡೀಲಿ ಅಂದರು. ನನಗೆ ಹೆಮ್ಮೆಯಾಯಿತು, ಗುಬ್ಬಿ. ಆ ಹೊತ್ತಿನಲ್ಲೂ ನನಗೆ ಹೆಮ್ಮೆಯಾಯಿತು.

ಅವರ ನೆನಪಾಗದ ದಿನವಿಲ್ಲ. ಹೊಸ ಗಿರಾಕಿ ಬಂದು ಹೊಸ ಸೋಲ್ ಕೇಳಿದರೆ ಬೇರೆ ಕಡೆ ಹೋಗಿ ಎಂದು ಕಳಿಸುತ್ತೇನೆ. ಈಗ ಬರೀ ಜಿಪ್ಪು, ಬಕಲ್ಲು, ಬ್ಯಾಗಿನ ಹಿಡಿ. ಅದಕ್ಕಿಂತ ಹೆಚ್ಚು ನನ್ನನ್ನು ತಿಂದದ್ದು ನೀನು. ನಿನ್ನ ಮನೆಯಲ್ಲಿ ನೀನು ನಿಂತುಕೊಂಡೇ ಊಟ ಮಾಡುತ್ತೀಯ. ಹಾಸಿಗೆಯಲ್ಲಿ ಅವರ ಕಡೆಯ ಅರ್ಧಕ್ಕೆ ಇಸ್ತ್ರಿ ಮಾಡದ ಬಟ್ಟೆ ರಾಶಿ ಹಾಕಿರುತ್ತೀಯ. ನಕ್ಕರೆ ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿಯುತ್ತೀಯ. ಇದನ್ನೆಲ್ಲ ನೋಡಿ ನಾನು ಮನೆಗೆ ಬಂದು ಉಂಡಿದ್ದೇನೆ, ಮಲಗಿದ್ದೇನೆ. ನಿನ್ನದಲ್ಲದ ತಪ್ಪನ್ನು ನಿನ್ನ ತಲೆಯ ಮೇಲೆ ಬಿಟ್ಟು ಪಕ್ಕದಲ್ಲೇ ಕೂತಿದ್ದೆ. ಅಮ್ಮ ಅಪ್ಪ ಇಬ್ಬರೂ ಹೋದ ಮೇಲೆ ನನಗೆ ಇರುವವಳು ನೀನೊಬ್ಬಳೇ. ಹೇಳಿದರೆ ನಿನ್ನನ್ನೂ ಕಳೆದುಕೊಳ್ಳುತ್ತೇನೆ, ಅದಕ್ಕೆ ಹೇಳಲಿಲ್ಲ. ಹೇಳದೆ ಇದ್ದು ನಿನ್ನನ್ನು ಕಳೆದುಕೊಂಡಾಯಿತು ಎಂದು ನಿನ್ನ ಕಾಗದ ಬಂದ ಮೇಲೆ ತಿಳಿಯಿತು.

ಇಳಿಜಾರಿನಲ್ಲಿ ನೀನು ಕೈ ಮುಗಿದು ಕ್ಷಮೆ ಕೇಳುವುದು, ನಾನು ನಿನ್ನ ಭುಜ ಹಿಡಿದು ನಿಲ್ಲುವುದು. ಅಷ್ಟು ಕೆಟ್ಟವಳಾಗಲು ನನ್ನಿಂದ ಆಗುವುದಿಲ್ಲ. ಬಿದ್ದಾಗ ಅವರಿಗೆ ನೋವೇ ಆಗಿರಲಿಕ್ಕಿಲ್ಲ ಅಂತ ಡಾಕ್ಟರು ಹೇಳಿದರು ಎಂದು ಹಿಂದೆ ನಿನಗೊಂದು ಸುಳ್ಳು ಹೇಳಿದ್ದೆ. ನೀನು ಅದನ್ನು ಪತ್ತೆ ಹಚ್ಚಿದೆ. ಅಂದಿನಿಂದ ನಾನು ಏನು ಹೇಳಿದರೂ ಅಕ್ಕ ಕತೆ ಕಟ್ತಾಳೆ ಅಂತ ಕೈ ಬೀಸಿ ಸುಮ್ಮನಾಗಿಸುತ್ತೀಯ. ಇದು ಕತೆಯಲ್ಲ.

ಕೋಣೆ ನಿನ್ನ ಹೆಸರಿಗೇ ಹಿಡಿದಿದ್ದೇನೆ, ಜನವರಿ ಒಂಬತ್ತರಿಂದ. ಹೋಗಿ ಬಾ. ಒಬ್ಬಳೇ ಹೋಗುವುದಾದರೂ ಹೋಗು, ಆದರೆ ಕ್ಷಮೆ ಮಾತ್ರ ಕೇಳಬೇಡ. ಅವರ ಹತ್ತಿರ ಬೇರೆ ಏನಾದರೂ ಮಾತಾಡು. ನನ್ನನ್ನು ಬಯ್ಯಬೇಕೆನಿಸಿದರೆ ಬಂದು ಬಯ್ಯಿ. ಬರುವುದೇ ಬೇಡವೆನಿಸಿದರೂ ನಾನು ಏನೂ ಕೇಳುವುದಿಲ್ಲ.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಡಿಸಿದೆ. ಮೇಷ್ಟ್ರ ಬೂಟು ಸಿಗಲೇ ಇಲ್ಲ ಎಂದು ನೀನು ತಿಳಿದಿದ್ದೀಯ. ಅವರು ಹೋದ ನಾಲ್ಕು ತಿಂಗಳಿಗೆ ಅಲ್ಲಿಯ ಪೊಲೀಸರು ಅದನ್ನು ಪಾರ್ಸೆಲ್ ಮಾಡಿದರು. ಬೂಟಿನ ನಾಲಗೆಪಟ್ಟಿಯ ಒಳಗೆ ನಮ್ಮ ಅಂಗಡಿಯ ವಿಳಾಸದ ಮೊಹರು ಇತ್ತು, ಹಾಗಾಗಿ ನಿನ್ನ ಮನೆಗೆ ಬರುವ ಬದಲು ಇಲ್ಲಿಗೆ ಬಂತು. ಬಲಗಾಲಿನದಕ್ಕೆ ಸೋಲ್ ಇರಲಿಲ್ಲ. ಅವತ್ತೇ ಎರಡರ ಸತ್ತ ಪದರವನ್ನೂ ಕೆರೆದು ತೆಗೆದು, ಹೊಸ ಪದರ ಕೂರಿಸಿ, ಸೋಲ್ ಹಾಕಿ ಹೊಲಿದೆ. ಈ ಸಲ ಒಂದು ತಪ್ಪೂ ಇಲ್ಲ. ಯಾಕೆ ಹಾಗೆ ಮಾಡಿದೆ, ಮುಚ್ಚಿಹಾಕಲೋ ಅಥವಾ ಸರಿ ಮಾಡಲೋ, ನನಗೇ ಗೊತ್ತಿಲ್ಲ. ನೀನು ನಂಬುವುದಿಲ್ಲ, ನಿನ್ನ ಸಮಾಧಾನಕ್ಕೆ ಅಕ್ಕ ಇನ್ನೊಂದು ಕತೆ ಕಟ್ಟಿದಳು ಎಂದು ಈ ಕಾಗದವನ್ನು ಮಡಚಿಟ್ಟುಬಿಡುತ್ತೀಯ ಎಂದು ನನಗೆ ಭಯ. ತಂದು ತೋರಿಸೋಣವೆಂದರೆ ಆ ಬೂಟಿನಲ್ಲಿ ಈಗ ನೋಡಲು ಏನೂ ಉಳಿದಿಲ್ಲ.