ಟಚ್‌ಪ್ಯಾಡಿನ ವೇಗ

ನವೆಂಬರ್ ೧೨, ಬುಧವಾರ

ಇವತ್ತೂ ಅದೇ ಗೋಳು. ಪ್ರೆಸ್ಸಿನವರಿಗೆ ಕೊಡಬೇಕಾದ ಪುಟವಿನ್ಯಾಸ ಅರ್ಧಕ್ಕೇ ನಿಂತಿದೆ. ಚಿತ್ರದ ಅಂಚು ಹಿಡಿಯಲು ಹೋದರೆ ಕರ್ಸರ್ ಅದನ್ನು ದಾಟಿ ಇನ್ನೆಲ್ಲೋ ಹೋಗಿ ನಿಲ್ಲುತ್ತದೆ. ಲ್ಯಾಪ್‌ಟಾಪಿನಲ್ಲಿದ್ದ ಸಿಸ್ಟಮ್ ತೆಗೆದು ಲಿನಕ್ಸ್ ಹಾಕಿಕೊಂಡ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಸೆಟ್ಟಿಂಗ್ಸಿನಲ್ಲಿ ಟಚ್‌ಪ್ಯಾಡಿನ ವೇಗ ತಗ್ಗಿಸಿದೆ. ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿನಲ್ಲಿ ಬರೆದಿಟ್ಟ ಕಮಾಂಡುಗಳನ್ನೂ ಕೊಟ್ಟು ನೋಡಿದೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಸಂಜೆ ತಂಗಿ ಬಂದಳು. ನಾನು ಮಾಡಿದ್ದನ್ನೆಲ್ಲ ಅಳಿಸಿ ಮೊದಲಿದ್ದ ವೇಗಕ್ಕೇ ತಂದಳು. ಒಂದೇ ಸಲಕ್ಕೆ ಅಂಚು ಹಿಡಿದಳು.

"ಸರಿಯಾಗೇ ಇದೆಯಲ್ಲ ಅಕ್ಕಾ. ಎಲ್ಲಿ, ನೀನು ಮಾಡು ನೋಡೋಣ."

ಮಾಡಿದೆ. ಅವಳು ಪರದೆ ನೋಡಲಿಲ್ಲ, ನನ್ನ ಬೆರಳು ನೋಡಿದಳು.

"ಅಮ್ಮಂಗೂ ಕೈನಡುಕ ಹೀಗೇ ಅಲ್ವಾ ಶುರುವಾಗಿದ್ದು."

ನನಗೆ ಗೊತ್ತಿಲ್ಲದ್ದೇನಲ್ಲ. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯತೊಡಗಿ ತಿಂಗಳಾಯಿತು. ಅದಕ್ಕೇ ಇರಬೇಕು, ಇಷ್ಟು ದಿನ ತಪ್ಪನ್ನು ಯಂತ್ರದಲ್ಲೇ ಹುಡುಕಿದ್ದು.

ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಅಂದಳು. ಈ ಕೆಲಸವೊಂದು ಮುಗಿಯಲಿ ಅಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಈಗ ವೇಗವನ್ನು ಪೂರ್ತಿ ತಗ್ಗಿಸಿದ್ದೇನೆ. ಕರ್ಸರ್ ತೆವಳುತ್ತಿದೆ, ತೆವಳುತ್ತಲೇ ನಡುಗುತ್ತಿದೆ. ಈ ವೇಗದಲ್ಲಿ ಕೆಲಸ ಮುಗಿಯುವುದಿಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು.