ಹಂಪಸಾಗರದ ಕಂಪ್ಯೂಟರಿಗೆ ಕೊಟ್ಟೂರಿನ ಮದ್ದು

ಕೊಟ್ಟೂರು
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಸುಕನ್ಯಾಳಿಗೆ,

ಶೈಲಾಳ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಈ ಚಳಿಗೆ ಅಜ್ಜಿಯ ಮಂಡಿನೋವು ಹೆಚ್ಚಾಗಿಲ್ಲವೆಂದು ನಂಬಿದ್ದೇನೆ. ನೀನು ದೀಪಾವಳಿಯಲ್ಲಿ ಅಪ್ಪನ ಕೈಯಲ್ಲಿ ಕೇಳಿಸಿದ ಮಾತಿಗೆ ಈಗ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ನನ್ನ ವಿದ್ಯಾರ್ಥಿಗಳ ಪರೀಕ್ಷೆ ಇತ್ತು. ಅದು ಮುಗಿಯುವುದರೊಳಗೆ ನಿಮ್ಮಪ್ಪನಿಗೆ ನೆಗಡಿ ಹಿಡಿಯಿತು. ನಿಮ್ಮಪ್ಪನಿಗೆ ನೆಗಡಿಯಾದರೆ ಮನೆಯಲ್ಲಿ ಯಾರಿಗೂ ಬೇರೆ ಕೆಲಸ ಇರಬಾರದು ಎಂಬುದು ನನಗಿಂತ ಮೊದಲೇ ನಿನಗೆ ಗೊತ್ತು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಎತ್ತಿದರೆ ನೀನು "ಅಪ್ಪಾಗ ಕೊಡ್ರಿ" ಅನ್ನುತ್ತೀ. ಅಪ್ಪನ ಕೈಯಲ್ಲಿ ಹೇಳಿಸಿದರೆ ಅವರು "ಅದೇನೋ ಒಂದು ಬಟನ್ ಒತ್ತಬೇಕಂತವಾ" ಎಂದು ನನ್ನ ಅರ್ಧ ತಾಸಿನ ಮಾತನ್ನು ಒಂದೇ ಬಟನ್ನಿಗೆ ಇಳಿಸಿಬಿಡುತ್ತಾರೆ. ಅಲ್ಲದೆ ಕಂಪ್ಯೂಟರ್ ಕೆಟ್ಟು ಕೂತಾಗ ಅದರೊಳಗೆ ಬರೆದಿಟ್ಟ ಸಲಹೆ ಓದುವುದು ಹೇಗೆ? ಕಾಗದವಾದರೆ ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಬಹುದು.

ನೀನು ಹಂಪಸಾಗರಕ್ಕೆ ಅಜ್ಜಿಯ ಮನೆಗೆ ಹೊರಟಾಗ "ಕಾಲೇಜಿಗೆ ಹತ್ರ ಆಗತೈತಿ" ಎಂದು ಹೇಳಿದ್ದೆ. ಹಗರಿಬೊಮ್ಮನಹಳ್ಳಿಯ ಕಾಲೇಜಿಗೆ ಅಲ್ಲಿಂದ ಹತ್ತಿರವೇ, ಸುಳ್ಳಲ್ಲ. ಆದರೆ ಕೊಟ್ಟೂರಿನ ಕಾಲೇಜು ನಮ್ಮ ಮನೆಗೆ ಅದಕ್ಕಿಂತ ಹತ್ತಿರ. ನಾನು ಈ ಮನೆಗೆ ಬಂದ ಮರುವರ್ಷವೇ ನೀನು ಹೊರಟೆ. ಹಬ್ಬಕ್ಕೆ ಬಂದರೂ ಹೋಳಿಗೆ ಉಂಡು ಸಂಜೆಯ ಬಸ್ಸು ಹಿಡಿಯುತ್ತೀ. ಈ ದೀಪಾವಳಿಗೆ ಅದೂ ಇಲ್ಲವಾಯಿತು. ಮುಚ್ಚಿಟ್ಟು ಏನು ಮಾಡಲಿ, ನೀನು ಬಂದು ನಾಲ್ಕು ದಿನ ಇರಬೇಕು ಎಂಬುದೊಂದೇ ನನ್ನ ಆಸೆ. ಮುಂದೆ ಬರೆಯುವ ಮದ್ದುಗಳ ಹಿಂದೆಲ್ಲ ಅದೇ ಆಸೆ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸ ಅನ್ನಬೇಡ.

ಗುಡೇಕೋಟೆಯಲ್ಲಿ ನಮ್ಮಜ್ಜಿ ಕಟ್ಟೆಯ ಮೇಲೆ ಕೂತು ಕಥೆ ಹೇಳುವಾಗ ಮಲತಾಯಿ ಬಂದಳೆಂದರೆ ನಾವು ಮಕ್ಕಳೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆವು. ಒಬ್ಬಳು ಮಗಳನ್ನು ಬಾವಿಗೆ ನೂಕುವಳು, ಇನ್ನೊಬ್ಬಳು ನವಣೆಯಲ್ಲಿ ಮರಳು ಬೆರೆಸಿ ಆರಿಸು ಎನ್ನುವಳು. ಮುಂದೆ ಆ ಪಾತ್ರ ನನ್ನ ಪಾಲಿಗೇ ಬರುತ್ತದೆಂದು ಗೊತ್ತಿದ್ದರೆ "ಅಜ್ಜಿ, ಒಬ್ಬಾಕಿನ್ನಾರ ಒಳ್ಳೇಕಿನ್ನ ಸೇರಸಬೇ" ಎಂದು ಆಗಲೇ ಕೇಳಿಕೊಳ್ಳುತ್ತಿದ್ದೆ.

ಇರಲಿ, ಕೆಲಸಕ್ಕೆ ಬರೋಣ. ನಿಮ್ಮ ಸೋದರಮಾವ ಗವಿಸಿದ್ದೇಶ್ ನಿನಗೆ ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರ್ ಸ್ವಲ್ಪ ಹೊತ್ತು ನಡೆದು ತಾನೇ ಆರಿಹೋಗುತ್ತದೆ ಎಂದಾಗ ನಾನು ಒಳಗೆ ಯಾವುದೋ ಭಾಗ ಸುಟ್ಟಿರಬೇಕು ಅಂದುಕೊಂಡಿದ್ದೆ. ಹೋದ ವಾರ ನಿಮ್ಮಪ್ಪ ಅಲ್ಲಿಗೆ ಬಂದು ಹೋದರಲ್ಲ, ಇಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ನಗತೊಡಗಿದರು.

"ಲೇ ಶೈಲಾ, ನಮ್ಮತ್ತಿಯವ್ರು ಆಯುಧಪೂಜಿ ದಿನ ಆ ಕಂಪ್ಯೂಟರ್ ಡಬ್ಬಿಗೆ ವಿಭೂತಿ ಹಚ್ಚ್ಯಾರ. ಮುಂದ ಮೂರು ಪಟ್ಟಿ, ಹಿಂದ ಮೂರು ಪಟ್ಟಿ. ಸಾಲದ್ದಕ್ಕ ಮ್ಯಾಲೊಂದು ಹಳೇ ಇಳಕಲ್ ಸೀರಿ ಹೊದಿಸ್ಯಾರ!"

"ಸೀರಿ ಯಾಕ್ರಿ?"

"ನಾನೂ ಅದನ್ನ ಕೇಳಿದೆ. 'ಹೊಳಿ ದಂಡಿ ಊರು, ಥಂಡಿ ಹತ್ತೀತು' ಅಂದ್ರು. ವಿಭೂತಿನಾದ್ರೂ ಒರಸ್ರಿ ಅಂದ್ರ, 'ಯಾಕ್ರಿ, ನಿಮ್ಮ ಅಂಗಡಿ ತಕ್ಕಡಿಗೆ ನೀವು ಹಚ್ಚಂಗಿಲ್ಲೇನು? ಇದೇನು ಪಾಪ ಮಾಡೈತಿ?' ಅಂತ ನನಗ ಬೈದು ಕಳಿಸಿದ್ರು."

ಅಜ್ಜಿ ಕೇಳಿದ್ದು ನ್ಯಾಯವೇ. ಆದರೆ ತಕ್ಕಡಿಗೆ ಮೂಗಿಲ್ಲ, ಇದಕ್ಕಿದೆ. ಮುಂದಿನ ಜಾಲರಿಯಿಂದ ಗಾಳಿ ಎಳೆದುಕೊಂಡು ಹಿಂದಿನ ಫ್ಯಾನಿನಿಂದ ಬಿಡುತ್ತದೆ. ವಿಭೂತಿಯ ಪುಡಿಯೆಲ್ಲ ಒಳಗೆ ಹೋಗಿ, ಬಿಸಿ ಆರಿಸುವ ತಗಡಿನ ಪದರಗಳಲ್ಲಿ ಕೂತಿರುತ್ತದೆ. ಮೇಲೆ ಸೀರೆಯ ಸೆಕೆ ಬೇರೆ. ಅದು ಕೆಟ್ಟಿಲ್ಲ ಸುಕನ್ಯಾ, ಉರಿ ತಾಳದೆ ತನ್ನನ್ನು ತಾನೇ ಆರಿಸಿಕೊಳ್ಳುತ್ತಿದೆ. ವಯರು ಕಿತ್ತು, ತಣ್ಣಗಾದ ಮೇಲೆ ಪಕ್ಕದ ತಗಡಿನ ಸ್ಕ್ರೂ ಬಿಚ್ಚು. ಅಪ್ಪನ ಅಂಗಡಿಯಿಂದ ಬಣ್ಣ ಹಚ್ಚುವ ಹೊಸ ಬ್ರಷ್ ಕಳಿಸಿದ್ದೇನೆ. ಅದರಿಂದ ಮೆಲ್ಲಗೆ ಝಾಡಿಸು. ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೋ, ಗಿರಗಿರ ತಿರುಗಲು ಬಿಡಬೇಡ. ಒದ್ದೆ ಬಟ್ಟೆ ಬೇಡ. ಬಾಯಿಂದ ಊದಬೇಡ, ಊದಿದರೆ ವಿಭೂತಿ ನಿನ್ನ ಹಣೆಗಲ್ಲ, ಕಣ್ಣಿಗೆ ಬರುತ್ತದೆ. ಮುಂದಿನ ದಸರೆಗೆ ಅಜ್ಜಿಗೆ "ಹಚ್ಚಬ್ಯಾಡ" ಅನ್ನಬೇಡ. ಪರದೆಯ ಕೆಳಗಿನ ಪೀಠ ತೋರಿಸಿ "ಪಾದಕ್ಕ ಹಚ್ಚಬೇ" ಎನ್ನು, ಸಂತೋಷಪಡುತ್ತಾರೆ.

ಶುರುವಾಗಲು ಬಹಳ ಹೊತ್ತು ಹಿಡಿಯುತ್ತದೆ ಎಂದೂ ಕೇಳಿಸಿದ್ದೆ. ಅದಕ್ಕೊಂದು ಕಥೆಯಿದೆ. ಒಂದೂರಲ್ಲಿ ಒಬ್ಬ ಗೌಡ. ಯಾರು ಬಂದು "ನಿಮ್ಮ ಕೆಲಸಕ್ಕ ಇರತೀನ್ರಿ" ಅಂದರೂ ಹೂಂ ಅನ್ನುವವನು. ಬೆಳಗಾದರೆ ಅವರೆಲ್ಲ ಪಡಸಾಲೆಯಲ್ಲಿ ಚಹಾಕ್ಕೆ ಹಾಜರು. ಹೊಲಕ್ಕೆ ಹೋಗೋಣವೆಂದರೆ ಗೌಡನ ಚಪ್ಪಲಿ ಯಾರದೋ ಕಾಲಡಿ, ಬಾರುಕೋಲು ಯಾರದೋ ಬೆನ್ನ ಹಿಂದೆ. ಅವನು ಅಂಗಳ ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ಒಂದು ದಿನ ಗೌಡತಿ ಬಾಗಿಲಿಗೆ ಅಡ್ಡ ನಿಂತು "ಕರದಾಗ ಬರ್ರೆಪ್ಪಾ, ಚಹಾ ಎಲ್ಲೀನೂ ಓಡಿ ಹೋಗಂಗಿಲ್ಲ" ಅಂದಳು. ಮರುದಿನದಿಂದ ಗೌಡ ಎಳೆ ಬಿಸಿಲಿಗೇ ಹೊಲದಲ್ಲಿ.

ನೀನು ಆ ಗೌಡತಿಯಾಗಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್, ಈ ಮೂರೂ ಕೀಲಿ ಒಟ್ಟಿಗೆ ಒತ್ತು. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸ್ಟಾರ್ಟ್‌ಅಪ್ ಎಂಬಲ್ಲಿಗೆ ಹೋದರೆ ಕರೆಯದೆ ಬಂದು ಕೂತವರೆಲ್ಲ ಕಾಣುತ್ತಾರೆ. ಹಾಡು ಕೇಳಿಸುವುದು, ಮಾತಾಡಿಸುವುದು, ಎಂದೋ ಹಾಕಿ ಮರೆತದ್ದು. ಒಂದೊಂದನ್ನೇ ಆರಿಸಿ ಡಿಸೇಬಲ್ ಮಾಡು. ಅವು ಅಳಿಸಿಹೋಗುವುದಿಲ್ಲ, ನೀನು ಕರೆದಾಗ ಬರುತ್ತವೆ. ವೈರಸ್ ಕಾಯುವುದನ್ನು ಮಾತ್ರ ಮುಟ್ಟಬೇಡ. ಹೆಸರು ಗೊತ್ತಾಗದೆ ಇರುವುದನ್ನೂ ಹಾಗೇ ಬಿಡು, ಯಾರ ಮನೆಯ ಬೀಗರೋ ಏನೋ.

ಇಷ್ಟು ಬರೆದು ನಿಲ್ಲಿಸಿದ್ದೆ. ಈಗ ಮಂಗಳವಾರ ಮಧ್ಯಾಹ್ನ. ಬೆಳಿಗ್ಗೆ ಎದುರುಮನೆಯ ನಾಗರತ್ನಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದವರು "ನಿಮ್ಮ ಮಗಳು ಹಬ್ಬಕ್ಕ ಬರ್ಲಿಲ್ಲಲ್ರಿ?" ಎಂದರು. "ಬರತಾಳ್ರಿ" ಅಂದೆ. ಯಾವಾಗ ಎಂದು ಅವರು ಕೇಳಲಿಲ್ಲ, ಒಳ್ಳೆಯವರು.

ಇನ್ನುಳಿದದ್ದು ಗಡಿಯಾರದ ವಿಷಯ. ಅದನ್ನು ನೀನು ಕೇಳಿಸಿಲ್ಲ. ಗವಿಸಿದ್ದೇಶ್ ನಿಮ್ಮಪ್ಪನಿಗೆ ಹೇಳಿದ್ದು. "ಭಾವಾ, ಆ ಕಂಪ್ಯೂಟರ್ ಒಮ್ಮೆ ಕರೆಂಟ್ ಹೋಗಿ ಬಂತಂದ್ರ ಎರಡು ಸಾವಿರದ ಹದಿನೈದಕ್ಕ ಹೋಗಿ ಕುಂದರತೈತಿ. ಸಣ್ಣದೊಂದು ಸೆಲ್ ಹಾಕಿದ್ರ ಸರಿ ಆಗತೈತಿ. ಹಾಕಸ್ತೀನಂದ್ರ ಸುಕ್ಕಿ 'ಇರ್ಲಿ ಬಿಡ್ರಿ ಮಾಮಾ' ಅಂತಾಳ" ಅಂದರಂತೆ. ನಿಮ್ಮಪ್ಪ ಇದನ್ನು ನಗುತ್ತ ಹೇಳಲಿಲ್ಲ. ಹೇಳಿ ಕೈ ತೊಳೆಯಲು ಎದ್ದುಹೋದರು.

ನಾನು ರೊಟ್ಟಿ ಬಡಿಯುತ್ತಿದ್ದೆ. ಎರಡು ಸಾವಿರದ ಹದಿನೈದರಲ್ಲಿ ನೀನು ಎಷ್ಟನೆಯ ಇಯತ್ತೆಯಲ್ಲಿದ್ದೆ ಎಂದು ಲೆಕ್ಕ ಹಾಕಿದೆ. ಆಗ ನಿಮ್ಮವ್ವ ಇದ್ದರು. ನಿನಗೆ ಎರಡು ಜಡೆ ಹಾಕಿ, ಕೆಂಪು ಟೇಪು ಕಟ್ಟಿ ಶಾಲೆಗೆ ಕಳಿಸುತ್ತಿದ್ದರಂತೆ. ಗುಂಡಿ ಒತ್ತಿದಾಗ ಆ ವರ್ಷ ಬಂದು ಎದುರಿಗೆ ನಿಲ್ಲುವುದಾದರೆ ಯಾವ ಮಗಳು ಸೆಲ್ ಹಾಕಿಸುತ್ತಾಳೆ? ನಾನೂ ಹಾಕಿಸುತ್ತಿರಲಿಲ್ಲ.

ಆದರೂ ಕಲಿಸುವವಳಾಗಿ ಹೇಳಬೇಕಾದದ್ದು ಒಂದಿದೆ. ದಿನಾಂಕ ತಪ್ಪಿದ್ದರೆ ಇಂಟರ್ನೆಟ್ಟಿನ ಎಷ್ಟೋ ಪುಟಗಳು ಬಾಗಿಲು ತೆರೆಯುವುದಿಲ್ಲ, ಸುರಕ್ಷಿತವಲ್ಲ ಎಂದು ಹೆದರಿಸುತ್ತವೆ. ನಿನ್ನ ಪರೀಕ್ಷೆಯ ಅರ್ಜಿ ಹೋಗದೆ ಉಳಿದೀತು. ಗಡಿಯಾರದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ದಿನಾಂಕ ಸರಿಪಡಿಸುವ ದಾರಿ ಸಿಗುತ್ತದೆ. ಬೇಕಾದ ದಿನ ಕೈಯಿಂದಲೇ ಸರಿಮಾಡಿಕೋ. ಸೆಲ್ಲನ್ನೂ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಹಾಕುವುದು ಬಿಡುವುದು ನಿನಗೆ ಸೇರಿದ್ದು.

ಜೊತೆಗೊಂದು ಪೆನ್‌ಡ್ರೈವ್ ಇದೆ. ಅದರಲ್ಲಿ ಇರುವುದು ಒಂದೇ ಚಿತ್ರ. ಅಟ್ಟದ ಟ್ರಂಕಿನಲ್ಲಿ ನಿಮ್ಮವ್ವನ ಫೋಟೋ ಗಾಜಿಗೆ ಅಂಟಿಕೊಂಡು, ಒಂದು ಕಡೆ ನೀರಿನ ಕಲೆ ಹತ್ತಿತ್ತು. ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಕಲೆ ತೆಗೆದು, ಕಣ್ಣು ಮೂಗು ಎಲ್ಲಿಯೂ ನಾನು ತಿದ್ದದ ಹಾಗೆ ನೋಡಿಕೊಂಡಿದ್ದೇನೆ. ಸೀರೆಯ ಬಣ್ಣ ಮಾತ್ರ ತೀರಾ ಮಾಸಿತ್ತು. ನಿಮ್ಮಪ್ಪನನ್ನು ಕೇಳಿದರೆ "ಹಸರು" ಎಂದರು. "ಗಿಳಿ ಹಸರೋ, ವೀಳ್ಯದೆಲಿ ಹಸರೋ?" ಎಂದರೆ "ಹಸರು ಹಸರ ಅಲ್ಲೇನ" ಎಂದು ತಲೆ ಕೆರೆದುಕೊಂಡರು. ನಿನಗೆ ನೆನಪಿದ್ದರೆ ಹೇಳು, ಸರಿಮಾಡುತ್ತೇನೆ.

ಪರದೆಯ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ಪರ್ಸನಲೈಸ್‌ಗೆ ಹೋಗಿ, ಬ್ಯಾಕ್‌ಗ್ರೌಂಡ್ ಎಂಬಲ್ಲಿ ಈ ಚಿತ್ರ ಆರಿಸು. ಕೂರಿಸುವ ಬಗೆ ಕೇಳಿದಾಗ ಫಿಟ್ ಎನ್ನು. ಫಿಲ್ ಎಂದರೆ ಅಂಚು ಕತ್ತರಿಸಿ, ನಿಮ್ಮವ್ವನ ಮುಡಿಯ ಹೂವು ಹೋಗುತ್ತದೆ. ಆಮೇಲೆ ಮತ್ತೆ ಬಲಗುಂಡಿ ಒತ್ತಿ, ವ್ಯೂ ಎಂಬಲ್ಲಿ, ಡೆಸ್ಕ್‌ಟಾಪ್ ಐಕಾನ್ ತೋರಿಸು ಎಂಬುದರ ಮುಂದಿನ ಗುರುತು ತೆಗೆದುಬಿಡು. ಅವರ ಮುಖದ ಮೇಲೆ ಕಸದ ಬುಟ್ಟಿ, ಕಡತದ ಚಿತ್ರ ಏನೂ ಕೂರುವುದಿಲ್ಲ.

ಈ ಕಾಗದ ಅಂಚೆಗೆ ಹಾಕುತ್ತಿಲ್ಲ. ನಾಳೆ ನಿಮ್ಮಪ್ಪ ಅಂಗಡಿಯ ಪೈಪಿನ ಲೋಡಿಗಾಗಿ ಹಗರಿಬೊಮ್ಮನಹಳ್ಳಿಗೆ ಬರುವವರಿದ್ದಾರೆ, ಹಾಗೆಯೇ ನಿನ್ನಲ್ಲಿಗೂ ಬರುತ್ತಾರೆ. ಅಂಟಿಸಿ ಕೊಡುತ್ತೇನೆ, ಬಿಚ್ಚಿ ಓದುವ ಪೈಕಿ ಅಲ್ಲ ಅವರು. ಮುಂದಿನ ತಿಂಗಳು ಎಳ್ಳಮಾಸಿಗೆ ನಿಮ್ಮ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವಾಗ ನಿಮ್ಮಪ್ಪನ ಹಿಂದೆ "ಹುಲ್ಲುಲ್ಲಿಗೋ" ಎಂದು ಕೂಗು ಹಾಕುವವರು ಯಾರೂ ಇರುವುದಿಲ್ಲ. ನನಗೆ ನಾಚಿಕೆ, ದನಿ ಏಳುವುದಿಲ್ಲ. ನೀನು ಬಾ.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು, ಅಜ್ಜಿಯ ಮಾತಿಗೆ ಎದುರು ಆಡಬೇಡ. ನೂರು ಕಾಲ ಬಾಳು ಮಗಳೆ.

ನಿನ್ನ
ಶೈಲಾ

ಮರೆತದ್ದು: ನಮ್ಮ ಮನೆಯ ಕಂಪ್ಯೂಟರಿನದೂ ಒಂದು ತೊಂದರೆ ಇದೆ. ನಾನು ಹೊಸದಾಗಿ ಬಂದಾಗ ಅದರಲ್ಲಿ ಎಲ್ಲರಿಗೂ ಒಂದೊಂದು ಖಾತೆ ಮಾಡಿದವಳು ನೀನೇ. ಈಗಲೂ ಹಚ್ಚಿದ ಕೂಡಲೇ ಮೂರು ಹೆಸರು ಬರುತ್ತವೆ. ಸುಕನ್ಯಾ. ಅಪ್ಪ. ಅತಿಥಿ. ಮೊದಮೊದಲು ನೋಡಿ ನಗು ಬರುತ್ತಿತ್ತು, ಬಂದವಳು ಬಂದವಳೇ ತಾನೆ ಎಂದು. ಈಗ ಈ ಮನೆಯ ಯಾವ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತದೆ, ಯಾವ ಗಡಿಗೆ ಸೋರುತ್ತದೆ, ಎಲ್ಲ ನನಗೆ ಗೊತ್ತು. ಆದರೂ ದಿನಾ ಬೆಳಿಗ್ಗೆ ಆ ಹೆಸರನ್ನೇ ಒತ್ತಿ ಒಳಗೆ ಹೋಗುತ್ತೇನೆ. ನಿಮ್ಮಪ್ಪ ಅದನ್ನು ಹಚ್ಚುವವರಲ್ಲ, ಅವರಿಗೆ ತಿಳಿಯದು, ನಾನೂ ಹೇಳಿಲ್ಲ. ಹೆಸರು ಬದಲಿಸುವುದು ಹೇಗೆಂದು ಸೆಂಟರಿನಲ್ಲಿ ಎಲ್ಲರಿಗೂ ಕಲಿಸುತ್ತೇನೆ. ಇಲ್ಲಿ ಮಾತ್ರ ನನ್ನಿಂದ ಆಗುವುದಿಲ್ಲ, ಆ ಕಂಪ್ಯೂಟರಿನ ಯಜಮಾನಿ ನೀನು, ಅದು ನಿನ್ನ ಪಾಸ್‌ವರ್ಡ್ ಕೇಳುತ್ತದೆ. ಅಪ್ಪನ ಕೈಯಲ್ಲಿ ಹೇಳಿ ಕಳಿಸಬೇಡ. ನೀನೇ ಬಂದು ಬದಲಿಸು. ಯಾವ ಹೆಸರು ಬರೆಯಬೇಕೆಂದು ನಾನು ಹೇಳುವುದಿಲ್ಲ. ಬರೀ ಶೈಲಾ ಎಂದು ಬರೆದರೂ ಸಾಕು.